ಸ್ವಿಚ್ಚು ಒತ್ತಿದಾಂವ

“ನಿನ್ನ ಗಂಡಗ ಕಣ್ಣು ಮುಕಳ್ಯಾಗ ಇದ್ದುವೇನು? ಓಡೋ ಬೆಲ್ಟಿನಾಗ ಕೈ ಹಾಕ್ಯಾನ, ಈಗ ಪರಿಹಾರ ಕೇಳಾಕ ಬಂದಿಯೇನ್ ರಂಡಿ.”

ಗಂಗಾವತಿಯ ಆ ಅಕ್ಕಿ ಗಿರಣಿಯ ಮ್ಯಾನೇಜರ್ ಪಂಪಾಪತಿಗೆ ಬಾಯಿ ತುಂಬ ಗುಟ್ಕಾ, ಮೈತುಂಬ ಧಣಿಯ ಉಪ್ಪು. ದುರಗಮ್ಮ ಆಫೀಸಿನ ಹೊಸ್ತಿಲಾಚೆಯೇ ನಿಂತಿದ್ದಳು. ಒಳಗಿನ ಕುರ್ಚಿಗಳು ಅವಳ ಕೇರಿಯವರಿಗಲ್ಲ.

ಬೆಲ್ಟು ಓಡುತ್ತಿರಲಿಲ್ಲ, ನಿಂತಿತ್ತು. ಸಿಕ್ಕಿಕೊಂಡ ಹೊಟ್ಟು ತೆಗೆಯಲು ಅವಳ ಗಂಡ ಲಕ್ಷ್ಮಣಪ್ಪ ಕೈ ಹಾಕಿದ್ದ. ಲಾರಿ ಕಾಯುತ್ತಿದೆಯೆಂದು ಬೈಯುತ್ತ ಬಂದ ಮಾಲೀಕ ದೇವೇಂದ್ರಪ್ಪ ತಾನೇ ಸ್ವಿಚ್ಚು ಒತ್ತಿದ. ಪಕ್ಕದಲ್ಲಿ ನುಚ್ಚು ಗುಡಿಸುತ್ತಿದ್ದ ದುರಗಮ್ಮ ಕಣ್ಣಾರೆ ಕಂಡಿದ್ದಳು. ಲಕ್ಷ್ಮಣಪ್ಪನ ಬಲಗೈ ಹೋಯಿತು.

ತನಿಖೆಗೆ ಬಂದು ಒಳಗೆ ಕೂತಿದ್ದ ಕಾರ್ಮಿಕ ಇಲಾಖೆಯ ಸಾಹೇಬ, ಪಂಪಾಪತಿ ಬರೆದ ಇಂಗ್ಲಿಷ್ ವರದಿ ಓದಿದ: “ದೇವೇಂದ್ರಪ್ಪ ವಾಸ್ ಸ್ಟ್ಯಾಂಡಿಂಗ್ ನಿಯರ್ ಲಕ್ಷ್ಮಣಪ್ಪ ವೆನ್ ಹಿ ಸ್ವಿಚ್ಡ್ ಆನ್ ದ ಮಷೀನ್.” ಈ ‘ಹಿ’, ಈ ‘ಅವನು’, ಇಬ್ಬರಲ್ಲಿ ಯಾರು ಎಂದು ಕೇಳಿದ.

“ಧಣ್ಯಾರಿಗೆ ಯಾರರ ಹಿ ಅಂತಾರೇನ್ರಿ ಸರ? ಅದು ಆಳಿಗೆ,” ಎಂದ ಪಂಪಾಪತಿ.

ಸಾಹೇಬ ನಕ್ಕ. ಆ ನಗುವಿಗೆ ಮುಂಚೆಯೇ ಗೋಡಂಬಿಯ ತಟ್ಟೆ ಬಂದಿತ್ತು. ಆದರೂ ಕಾಟಾಚಾರಕ್ಕೆ ದುರಗಮ್ಮನನ್ನು ಕೇಳಿದ.

“ಅವರಽ ಒತ್ತಿದ್ರುರಿ.”

ಯಾವ ಅವರು ಎಂದ ಸಾಹೇಬ. ಧಣಿಯ ಹೆಸರು ಹಿಡಿದರೆ ಕೇರಿಗೆ ಕೂಲಿಯಿಲ್ಲ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದಂತೆ. ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಇಬ್ಬರೂ ಅವರೇ.

ಗಂಡನನ್ನೇ ಅವರು ಅನ್ನುತ್ತಾಳೆ, ತಪ್ಪು ಒಪ್ಪಿಕೊಂಡಳು, ಬರೆದುಕೊಳ್ಳಿ ಎಂದ ಪಂಪಾಪತಿ. ಸಾಹೇಬ ಪೆನ್ನು ತೆರೆದ.

ದುರಗಮ್ಮ ಹೊಸ್ತಿಲು ದಾಟಿ ಒಳಗೆ ಬಂದಳು.

“ದೇವೇಂದ್ರ ಒತ್ತಿದ.”

ಕೈ ತುಂಡಾಗಿ ಬಿದ್ದ ದಿನ ಕುರ್ಚಿ ಬಿಟ್ಟೇಳದ ಪಂಪಾಪತಿ ಈಗ ಧಡಕ್ಕನೆ ಎದ್ದ. “ಧಣ್ಯಾರ ಹೆಸರು ಹಿಡಿತಿಯೇನ್ ಬೋಸುಡಿ?”

“ಹಿಡಿತೀನಿ. ಸ್ವಿಚ್ಚು ಒತ್ತಿದಾಂವ ದೇವೇಂದ್ರ. ಕೈ ಕಳಕೊಂಡಾಂವ ನನ್ನ ಗಂಡ ಲಕ್ಷ್ಮಣ. ಬರಕೋ ಸಾಹೇಬ.”

ಸಾಹೇಬನಿಗೆ ತಟ್ಟನೆ ಗೋಡಂಬಿ ನೆನಪಾಯಿತು. ಪೆನ್ನು ಮುಚ್ಚಿದ.

ದುರಗಮ್ಮ ಅವನ ಮುಖವನ್ನೂ ನೋಡಲಿಲ್ಲ. ಅಂಗಳಕ್ಕೆ ಬಂದು, ಭತ್ತ ಹರವುತ್ತಿದ್ದ ಹೆಂಗಸರಿಗೆಲ್ಲ ಕೇಳುವಂತೆ ಅದೇ ಮಾತನ್ನು ಕೂಗಿದಳು. ಯಾರೂ ತಲೆಯೆತ್ತಲಿಲ್ಲ. ಆಮೇಲೆ ಅವಳ ಜೊತೆ ನುಚ್ಚು ಗುಡಿಸುವ ಶಾಹಜಾದಬಿ ಪೊರಕೆ ಕೆಳಗಿಟ್ಟು, ಸೊಂಟ ನೆಟ್ಟಗೆ ಮಾಡಿ ನಿಂತಳು.

“ದೇವೇಂದ್ರ ಒತ್ತಿದ,” ಅಂದಳು. “ನಾನೂ ನೋಡೀನಿ.”