ಏಳನೆಯ ತಂತಿ

ಇಲ್ಲ, ಅಂದ, ಎತ್ತಿದ ಬಾನೆಟ್ಟಿನ ಆ ಕಡೆಯಿಂದ ಸುದರ್ಶನನ ದನಿ, ಆರ್‌ಪಿಎಂ ಸೂಜಿ ಎಂಟುನೂರರಲ್ಲೇ ನಿಂತಿದೆಯಂತೆ, ಹಾಗಾದರೆ ನಾಲ್ಕನೆಯ ತಂತಿಯೂ ಅಲ್ಲ, ಬೆರಳ ತುದಿಯಲ್ಲಿ ಬಿಸಿ ರಬ್ಬರಿನ ವಾಸನೆ, ದೆಹಲಿ ಪಕ್ಕದ ಇಂದಿರಾಪುರಂನ ಭಾನುವಾರದ ಬಿಸಿಲು ಎದುರಿನ ಟವರಿನ ಮೇಲಂತಸ್ತಿನಿಂದ ಇನ್ನೂ ಕೆಳಗಿಳಿದಿಲ್ಲ, ಆದರೆ ಎಂಜಿನ್ ಚೆನ್ನಾಗಿ ಕಾದಿದೆ, ಕಾಯಲೇಬೇಕು, ತಣ್ಣಗಿರುವಾಗ ಈ ರೋಗ ಮುಖ ತೋರಿಸುವುದಿಲ್ಲ — ಕಾದ ಮೇಲೆ ಯಾವುದೋ ಸೆನ್ಸರಿನ ತಂತಿ ಅರೆಗಳಿಗೆ ಸಂಪರ್ಕ ತಪ್ಪಿಸಿಕೊಂಡು, ಸೂಜಿ ಸೊನ್ನೆಗೆ ಬಿದ್ದು, ಗಾಡಿ ನಡುರಸ್ತೆಯಲ್ಲಿ ನಿಂತು, ಹತ್ತು ನಿಮಿಷ ಆರಿದ ಮೇಲೆ ಏನೂ ಆಗದ ಹಾಗೆ ಮತ್ತೆ ಹೊರಡುತ್ತದೆ, ಸ್ಕ್ಯಾನರ್ ಹಚ್ಚಿದರೆ ಒಂದು ದೋಷದ ಕೋಡೂ ಇಲ್ಲ. ನಾಲ್ಕು ತಿಂಗಳು, ನನ್ನ ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಸಲ, ದಿನಾಂಕ, ಸೆಕೆ, ಎಷ್ಟು ಕಿಲೋಮೀಟರ್ ಓಡಿದ ಮೇಲೆ, ಕಾಳಿಂದಿ ಕುಂಜ್ ಸೇತುವೆಯ ಮೇಲೆ ಮೂರು, ಫರೀದಾಬಾದಿನ ಅವನ ಕಾರ್ಖಾನೆಯ ಗೇಟಿನಲ್ಲಿ ಐದು, ಆಮೇಲೆ ಹನ್ನೊಂದು ದಿನ ಬರೀ ಖಾಲಿ ಗೆರೆಗಳು. ತಾನಾಗೇ ಸರಿಹೋಯ್ತು ಬಿಡು, ಅಂದ. ಹದಿಮೂರು ವರ್ಷದ ಗಾಡಿಯಲ್ಲಿ ತಾನಾಗೇ ಯಾವುದು ಸರಿಹೋಗುತ್ತದೆ, ಕಾರಣ ಗೊತ್ತಿಲ್ಲದ ರೀಡಿಂಗನ್ನು ನಂಬಬೇಡಿ ಎಂದು ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ವರ್ಷವಿಡೀ ಹೇಳುವವಳು ನಾನು, ಅದಕ್ಕೇ ಇವತ್ತು ಈ ಎಳೆದು ನೋಡುವ ಪರೀಕ್ಷೆ, ನಾನು ನಂಬರ್ ಕೂಗಿ ಒಂದೊಂದೇ ತಂತಿ ಅಲ್ಲಾಡಿಸುವುದು, ಅವನು ಸೀಟಿನಲ್ಲಿ ಕೂತು ಸೂಜಿ ನೋಡಿ ಹೇಳುವುದು, ಇಬ್ಬರಿಲ್ಲದೆ ಆಗದ ಕೆಲಸ. ಮದುವೆಯ ಹೊಸದರಲ್ಲೂ ಹೀಗೇ, ಕರೋಲ್ ಬಾಗಿನ ಬಾಡಿಗೆ ಕೋಣೆಯ ಮೆಟ್ಟಿಲ ಕೆಳಗೆ ನಾನು ಅವನ ಸ್ಕೂಟರ್ ಬಿಚ್ಚುತ್ತಿದ್ದೆ, ಅವನು ನಟ್ಟುಗಳನ್ನು ಬಿಚ್ಚಿದ ಕ್ರಮದಲ್ಲೇ ಅಂಗೈ ಮೇಲೆ ಸಾಲಾಗಿಟ್ಟುಕೊಂಡು ಕೂರುತ್ತಿದ್ದ, ಸೊಳ್ಳೆ ಕಚ್ಚಿದರೂ ಕೈ ಕದಲಿಸದೆ, ಇಷ್ಟು ಚೆನ್ನಾಗಿ ಸುಮ್ಮನಿರಬಲ್ಲ ಗಂಡಸು ಇನ್ನೊಬ್ಬನಿಲ್ಲ ಎಂದುಕೊಂಡಿದ್ದೆ, ಈಗಲೂ ಅಂದುಕೊಳ್ಳುತ್ತೇನೆ.

ಐದು, ಎಂದೆ. ಇಲ್ಲ. ಹಾಲಿನ ಚೀಲ ಹಿಡಿದು ಬಂದ ಪಕ್ಕದ ಫ್ಲ್ಯಾಟಿನ ಮಲಿಕ್ ಅಂಕಲ್ ನಿಂತರು, ಅರೇ ಭಾಭೀಜೀ, ಫಿರ್ ಸೆ? ಬೇಚ್ ದೀಜಿಯೇ, ಗಾಡಿ ನಹೀಂ ತೋ ಪತಿ, ದೋನೋಂ ಪುರಾನೇ ಹೋ ಗಯೇ, ಗಾಡಿಯನ್ನೋ ಗಂಡನನ್ನೋ ಮಾರಿಬಿಡಬೇಕಂತೆ, ಎರಡೂ ಹಳತಾದವಂತೆ. ಗಾಡಿ ಕಾ ಗ್ರಾಹಕ್ ಹೀ ನಹೀಂ ಮಿಲ್ತಾ ಅಂಕಲ್, ಎಂದು ನಾನೂ ನಕ್ಕೆ, ಒಳಗಿನಿಂದ ಅವನೂ ನಕ್ಕ, ಅವರು ಲಿಫ್ಟಿನ ಕಡೆ ಹೋದರು, ಗಾಡಿಗೆ ಗಿರಾಕಿ ಇಲ್ಲ, ಸರಿ, ಇನ್ನೊಂದಕ್ಕೆ — ಛೇ, ಏನು ಯೋಚನೆ ಇದು, ಆ ಹುಡುಗಿ ಹಾಸನದವಳು, ಅವನ ಕಾರ್ಖಾನೆಯ ಟೆಸ್ಟಿಂಗ್ ವಿಭಾಗಕ್ಕೆ ಹೊಸದಾಗಿ ಸೇರಿದವಳು, ನಿಹಾರಿಕಾ, ಆಫೀಸಿನಲ್ಲಿ ಕನ್ನಡ ಮಾತಾಡೋಕೆ ಒಬ್ಬರು ಸಿಕ್ಕರು ಅಂತ ಅವನಿಗೆ ಖುಷಿ, ಅಷ್ಟೇ. ಊಟಕ್ಕೆ ಕೂತಾಗ ಹೇಳಿದ್ದ, ನಿನ್ನ ಥರಾನೇ ಉಷಾ, ಏನೇ ಕೊಟ್ರೂ ಬಿಚ್ಚದೆ ಬಿಡಲ್ಲ. ನನ್ನ ಥರ, ಸಾರಿನ ಸೌಟು ಕೈಯಲ್ಲೇ ಇತ್ತು, ನನ್ನ ಥರ ಇನ್ನೊಬ್ಬಳು ಇರಬಹುದೆಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ, ಚೆಲುವೆಯರಿದ್ದಾರೆ, ಚಿಕ್ಕ ವಯಸ್ಸಿನವರಿದ್ದಾರೆ, ಅವರ ಬಗ್ಗೆ ನನಗೆ ಯಾವತ್ತೂ ಏನೂ ಅನ್ನಿಸಿಲ್ಲ, ಆದರೆ ನನ್ನ ಥರ. ಆಮೇಲೆ ಅವಳ ಹೆಸರು ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಮನಸ್ಸಿನಲ್ಲೇ ಗುರುತು ಹಾಕತೊಡಗಿದೆ, ಮೊದಲು ವಾರಕ್ಕೊಮ್ಮೆ, ಆಮೇಲೆ ಮೂರು ಸಲ, ಆಮೇಲೆ ದಿನವೂ, ಆಮೇಲೆ ತಟ್ಟನೆ ನಿಂತೇಹೋಯಿತು, ನಿಂತದ್ದು ಯಾವಾಗ, ಮೊನ್ನೆಯ ಬುಧವಾರ ಅಲ್ಲ, ಅದರ ಹಿಂದಿನ ಬುಧವಾರ, ಅಂದರೆ ಹನ್ನೊಂದು ದಿನ, ಗಾಡಿಯದೂ ಹನ್ನೊಂದು. ಎರಡು ಗ್ರಾಫುಗಳು ಒಂದೇ ದಿನ ಸೊನ್ನೆಗಿಳಿದರೆ ಅದನ್ನು ಆಕಸ್ಮಿಕ ಎಂದು ಬರೆಯುವ ವಿದ್ಯಾರ್ಥಿಗೆ ನಾನು ಎಷ್ಟು ಅಂಕ ಕೊಡುತ್ತಿದ್ದೆ. ಆರು, ಎಂದೆ. ಇಲ್ಲ. ಏಳು, ಎಂದೆ, ಗೇರ್‌ಬಾಕ್ಸಿನ ಪಕ್ಕದ ಸಂದಿ, ಏರ್ ಫಿಲ್ಟರ್ ಡಬ್ಬಿ ಸರಿಸಿದರೆ ಮಾತ್ರ ಎಟುಕುವ, ಎಂಜಿನ್ನಿನ ಸುತ್ತು ಎಣಿಸುವ ಕ್ರ್ಯಾಂಕ್ ಸೆನ್ಸರಿನ ತಂತಿ, ಕೈ ಇನ್ನೂ ಚಾಚಿಯೇ ಇಲ್ಲ, ಅವನು ಅಂದ — ಏಳು ಬಿಡು ಉಷಾ, ಅದು ಸರಿಯಾಗಿದೆ.

ನಿನಗೆ ಹೇಗೆ ಗೊತ್ತು. ರೇಡಿಯೇಟರಿನ ಫ್ಯಾನು ಗರ್ರೆಂದು ಸುತ್ತಿ ನಿಂತಿತು, ಟಾರ್ಚ್ ಬಗ್ಗಿಸಿದೆ, ಧೂಳು ಮೆತ್ತಿದ ಹಳೆಯ ತಂತಿಗಳ ನಡುವೆ ಗೇಣುದ್ದದ ಹೊಸ ಜೋಡಿ, ಕಪ್ಪು ಪ್ಲಾಸ್ಟಿಕ್ ಕೊಳವೆ ತೊಡಿಸಿ ಬಿಸಿ ಮಾಡಿ ಬಿಗಿಸಿದ್ದು, ಎರಡು ಬೆಸುಗೆಗಳು ಒಂದಕ್ಕೊಂದು ತಾಗದಂತೆ ಒಂದು ಮುಂದೆ, ಒಂದು ಹಿಂದೆ, ನಾನು ಬೋರ್ಡಿನ ಮೇಲೆ ಬಿಡಿಸುವ ಚಿತ್ರದ ಹಾಗೆ, ನನ್ನ ಕೈಯಲ್ಲಿ ಯಾವತ್ತೂ ಇಷ್ಟು ನೇರ ಬರದ ಹಾಗೆ. ಯಾರು. ಎಂಜಿನ್ ಆಫ್ ಮಾಡ್ಲಾ? ಬೇಡ, ಯಾರು ಮಾಡಿದ್ದು. ನಿಹಾರಿಕಾ, ಲಂಚ್ ಟೈಮಲ್ಲಿ, ಗೇಟಲ್ಲೇ ನಿಂತುಬಿಡ್ತು, ನೋಡ್ಲಾ ಸರ್ ಅಂದ್ಳು, ಇಪ್ಪತ್ತು ನಿಮಿಷ ಅಷ್ಟೇ. ನನಗೆ ಯಾಕೆ ಹೇಳಲಿಲ್ಲ. ನೀನು ಅಷ್ಟು ಆಸೆಯಿಂದ ಹುಡುಕ್ತಾ ಇದ್ದೆ, ಹೇಗೆ ಹೇಳ್ಲಿ. ಅದಕ್ಕೇ ಹುಡುಕಲು ಬಿಟ್ಟ, ದಿನಾ ಸಂಜೆ ಇವತ್ತು ನಿಂತಿತಾ ಎಂದು ನಾನು ಪೆನ್ನು ಹಿಡಿದು ಕೇಳುವುದು, ಇಲ್ಲ ಎಂದು ಅವನು ಮಗುವಿನ ಮಗ್ಗಿ ಕೇಳುವವರ ಹಾಗೆ ಹೇಳುವುದು, ಈಗಲೂ, ಒಂದು ಇಲ್ಲ, ಎರಡು ಇಲ್ಲ. ಇಪ್ಪತ್ತು ನಿಮಿಷ, ಆದರೆ ಈ ಸಂದಿಯಲ್ಲಿ ಒಬ್ಬರೇ ಬೆಸುಗೆ ಹಾಕಲು ಆಗುವುದಿಲ್ಲ, ಒಂದು ಕೈಗೆ ಕಾದ ಕಡ್ಡಿ, ಇನ್ನೊಂದಕ್ಕೆ ಸೀಸ, ತಂತಿಗಳನ್ನು ಬಿಡಿಸಿ ಹಿಡಿಯಲು ಮೂರನೆಯ ಕೈ ಬೇಕು, ಆ ಬುಧವಾರ ಸಂಜೆ ಅವನ ಎಡಗೈ ಬೆರಳಲ್ಲಿ ಬೊಬ್ಬೆ ಎದ್ದಿತ್ತು, ಕ್ಯಾಂಟೀನಲ್ಲಿ ತವಾ ತಗಲಿತು ಅಂದ, ನಾನು ನಲ್ಲಿಯ ಕೆಳಗೆ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಹಿಡಿದಿದ್ದೆ, ಪಾಪ ಅಂದಿದ್ದೆ. ಎಳೀತೀನಿ, ಸೂಜಿ ನೋಡು. ಉಷಾ, ಬೇಡ. ನೋಡು ಅಂದೆ. ಎಳೆದೆ, ಪರೀಕ್ಷೆಗೆ ಎಳೆಯುವ ಹಾಗಲ್ಲ, ಕಿತ್ತು ಬರಲಿ ಎಂದು, ನಾಳೆ ಇದೇ ಗಾಡಿಯಲ್ಲಿ ಅವನು ಸೇತುವೆ ದಾಟಬೇಕು, ಹಿಂದೆ ಲಾರಿಗಳಿರುತ್ತವೆ, ಗೊತ್ತಿದ್ದೂ ಎಳೆದೆ. ಇಲ್ಲ, ಅಂದ, ಎಂಟುನೂರು. ಮತ್ತೆ. ಇಲ್ಲ. ಎಂಜಿನ್ ಒಂದೇ ಸಮನೆ ಓಡುತ್ತಿದೆ, ತಂತಿ ಕದಲುವುದಿಲ್ಲ, ಕದಲುವುದು ಹೇಗೆ, ಹೊಗೆ ಏಳುತ್ತಿರುವಾಗ ಅವನ ಎರಡು ಬೆರಳು, ಅವಳು ಬಗ್ಗಿದಾಗ ಅವಳ ಉಸಿರು ತಾಗುವಷ್ಟು ಹತ್ತಿರ, ಎರಡು ತಂತಿಗಳನ್ನು ಬಿಡಿಸಿ ಹಿಡಿದ ಎರಡು ಬೆರಳು, ಸುಡುತ್ತಿದೆ, ಬಿಡುತ್ತಿಲ್ಲ, ಎರಡು ಬೆರಳು, ಸುಡುತ್ತಿದೆ —