ಸೋದರತ್ತೆ ಮೆಚ್ಚಿದ್ದು

ಮತ್ತೆ ಆ ಕೈ — ಬಸ್ಸಿನ ಮುಂದಿನ ಸೀಟಿನಿಂದ ಹಿಂದಕ್ಕೆ ಚಾಚಿಕೊಂಡು ಬಂದ ದಪ್ಪನೆಯ ಕೈ, ಪುಟ್ಟ ಸೀನಿಯ ಗಲ್ಲದ ಮೇಲೆ ಇಳಿದಿದ್ದ ಕಲ್ಲಂಗಡಿ ರಸವನ್ನು ಹೆಬ್ಬೆರಳಿನಲ್ಲಿ ಒರೆಸಿತು, ಒರೆಸಿದ ಮೇಲೂ ಅಲ್ಲೇ ನಿಂತಿತು, ರಸ ಹೋಯಿತಲ್ಲ, ಇನ್ನೇನು ಕೆಲಸ ಆ ಕೈಗೆ ಅಲ್ಲಿ, ಮಾರ್ಕೆಟ್ಟಿನಲ್ಲಿ ಗೆಣಸು ಅದುಮಿ ನೋಡುವ ಹಾಗೆ ಅದುಮಿ ಅದುಮಿ ನೋಡುತ್ತಿದೆ, ಲೊಸೆ ಹೊರಗೆ ನೋಡುವವಳ ಹಾಗೆ ಮುಖ ತಿರುಗಿಸಿಕೊಂಡು ಕಿಟಕಿ ಗಾಜಿನೊಳಗೆ ಆ ಕೈಯನ್ನೇ ಕಾಯುತ್ತಿದ್ದಾಳೆ, ಏನ್ ಮುದ್ದಾಗಿದೆ ನೋಡೇ ಲೊಸೆ ಇದರ ಗಲ್ಲ, ಮಾಗಿದ ಪಪ್ಪಾಯಿ ಥರ, ಅಂದರು ಮೆಲೆನೈಟೆ, ಗಂಡನ ಅಕ್ಕ, ಹನ್ನೊಂದು, ಲೊಸೆ ಮನಸ್ಸಿನಲ್ಲೇ ಎಣಿಸಿದಳು, ಹನ್ನೊಂದನೆಯ ಸಲ ಸೀನಿಯನ್ನು ಮೆಚ್ಚಿದ್ದು, ಟೊಂಗಾದಿಂದ ವಿಮಾನ ಇಳಿದು ಹದಿನಾರು ದಿನಕ್ಕೆ ಹನ್ನೊಂದು, ಅವಳಿ ಗಂಡುಮಕ್ಕಳನ್ನು ಮೆಚ್ಚಿದ್ದು ಮೂರು ಸಲ, ಅದೂ ಒಂದು ಸಲ ಯಾವನನ್ನು ಮೆಚ್ಚುತ್ತಿದ್ದೇನೆ ಅಂತ ಅವರಿಗೇ ಗೊತ್ತಿರಲಿಲ್ಲ, ಹಿರಿಯವಳು ಟೊಕಿಲುಪೆಯನ್ನು ಒಂದು ಸಲವೂ ಇಲ್ಲ, ಸೊನ್ನೆ, ಹಾಗಾದರೆ ಕಣ್ಣು ಸೀನಿಯ ಮೇಲೆಯೇ, ನಾಲ್ಕು ವರ್ಷದ ಕೂಸಿನ ಮೇಲೆ. ಸೋದರತ್ತೆ ಮೆಚ್ಚಿದರೆ ಮುಗಿಯಿತು, ತಮ್ಮನ ಮನೆಯಲ್ಲಿ ಅವಳು ಏನು ಕೇಳಿದರೂ ಇಲ್ಲ ಅನ್ನುವ ನಾಲಿಗೆ ಯಾವ ಟೊಂಗಾದವನ ಬಾಯಲ್ಲೂ ಬೆಳೆದಿಲ್ಲ, ಗಂಡ ಸೆಮಿಸಿಯ ಚಿಕ್ಕಪ್ಪನ ಮನೆಗೆ ಅವರ ಅಕ್ಕ ಬಂದವರು ಫ್ರಿಜ್ಜಿನ ಬಾಗಿಲು ತೆಗೆದು ಆಹಾ ಎಷ್ಟು ತಣ್ಣಗಿದೆ ಅಂದರು ಅಷ್ಟೇ, ಸಂಜೆಯೊಳಗೆ ಆ ಫ್ರಿಜ್ಜು ಹಡಗು ಹತ್ತಿತ್ತು, ಒಳಗೆ ಅರ್ಧ ಹಂದಿ ಇತ್ತು, ಆ ಹಂದಿಯೂ ಹತ್ತಿತ್ತು, ಹಂದಿಯ ಪಕ್ಕ ಚಿಕ್ಕಪ್ಪನ ಹಲ್ಲಿನ ಸೆಟ್ಟು ಒಂದು ಲೋಟದಲ್ಲಿತ್ತು, ಅದೂ ಹೋಯಿತು, ಆರು ತಿಂಗಳು ಮನುಷ್ಯ ಗಂಜಿ ಕುಡಿದ. ಫ್ರಿಜ್ಜಾದರೆ ಇನ್ನೊಂದು ಕೊಳ್ಳಬಹುದು.

ಸುಮ್ಮನೆ ಯಾರಾದರೂ ಊರು ಸುತ್ತುತ್ತಾರಾ, ಕಣ್ಣು ತೋರಿಸಿಕೊಳ್ಳೋಕೆ ಬಂದ ಹೆಂಗಸು, ಡಾಕ್ಟರು ಒಂದೇ ದಿನದಲ್ಲಿ ನೋಡಿ ಎಲ್ಲ ಸರಿಯಾಗಿದೆ ಹೋಗಮ್ಮ ಅಂದ ಮೇಲೆ ವಾಪಸ್ ಹೋಗಬೇಕು ತಾನೇ, ಇಲ್ಲ, ಮಾರನೇ ಬೆಳಿಗ್ಗೆ ಚಹಾ ಕುಡಿಯುತ್ತ, ಸ್ಕೂಲು ರಜಾ, ಮಕ್ಕಳು ಬುಟ್ಟಿ ಮುಚ್ಚಿದ ಕೋಳಿಗಳ ಥರ ಮನೇಲಿ ಕೂತಿವೆಯಲ್ಲೋ ಸೆಮಿಸಿ, ಇಷ್ಟು ದೊಡ್ಡ ಆಕ್ಲೆಂಡು, ಪುಕ್ಕಟೆ ನೋಡೋದೇ ಎಷ್ಟೊಂದಿದೆ, ಹೊರಡಿ ಹೊರಡಿ ಅಂದರು, ಅಕ್ಕ ಹೇಳಿದ ಮೇಲೆ ಹೊರಡು ಕಣೇ, ನಿನಗೂ ಲಾಂಡ್ರಿ ಕೆಲಸಕ್ಕೆ ರಜಾ ಇದೆಯಲ್ಲ ಅಂದ ಸೆಮಿಸಿ, ಅಕ್ಕನ ಮುಂದೆ ಆ ಎತ್ತಿನಂಥ ಗಂಡಸು ಕುಗ್ಗಿ ಕುಗ್ಗಿ ಸಾಸಿವೆ ಡಬ್ಬಿಯಲ್ಲಿ ಹಿಡಿಸುವಷ್ಟಾಗುತ್ತಾನೆ, ತಾನು ಮಾತ್ರ ವಿಮಾನ ನಿಲ್ದಾಣದಲ್ಲಿ ಸಾಮಾನು ಎತ್ತೋ ಕೆಲಸಕ್ಕೆ ಹೋದ. ಅವತ್ತಿನಿಂದ ಶುರು, ಡಬ್ಬಿ ಮಾಂಸದ ಸ್ಯಾಂಡ್‌ವಿಚ್ಚು ಬ್ರೆಡ್ಡಿನ ಚೀಲಕ್ಕೇ ವಾಪಸ್ ತುಂಬಿಕೊಂಡು, ಐಸ್‌ಕ್ರೀಮ್ ಡಬ್ಬದಲ್ಲಿ ಕೆಸುವಿನ ಗಡ್ಡೆ ಬೇಯಿಸಿಕೊಂಡು, ದಿನಕ್ಕೊಂದು ಕಡೆ, ಈಜುಕೊಳ, ಮ್ಯೂಸಿಯಮ್ಮಿನ ಹುಲ್ಲುಗುಡ್ಡ, ನೆಲದಿಂದ ನೀರು ಚಿಮ್ಮುವ ಪಾರ್ಕು, ಲೈಬ್ರರಿ, ಮಕ್ಕಳಿಗೆ ಹಬ್ಬ, ಲೊಸೆಗೆ ಒಂದೊಂದೂ ಪರೀಕ್ಷೆ, ಅವಳಿಗೆ ಗೊತ್ತಾಗುವುದಿಲ್ಲವಾ, ಈಜುಕೊಳದಲ್ಲಿ ಸೀನಿ ಎಷ್ಟು ಹೊತ್ತು ಉಸಿರು ಹಿಡಿದಳು ಅಂತ ನೋಡಿದ್ದು ಯಾಕೆ, ಗುಡ್ಡದ ಮೇಲೆ ಓಡಿಸಿ ಎದೆಗೆ ಕಿವಿ ಇಟ್ಟು, ಉಬ್ಬಸ ಗಿಬ್ಬಸ ಇದೆಯೇನೇ ಇದಕ್ಕೆ ಅಂತ ಕೇಳಿದ್ದು ಯಾಕೆ, ಲೈಬ್ರರಿಯಲ್ಲಿ ಟೊಂಗಾ ಭಾಷೆಯ ಪುಸ್ತಕ ಹುಡುಕಿ, ಇದೇನು ಹೇಳು, ಇದೇನು ಹೇಳು ಅಂತ ಹಂದಿ ಮೀನು ದೋಣಿ ಎಲ್ಲ ಹೇಳಿಸಿದ್ದು ಯಾಕೆ, ಅಂಗಡಿಗೆ ಹೋದವರು ಗಾಡಿ ಕೊಳ್ಳುವ ಮುಂಚೆ ಟೈರು ಒದ್ದು ನೋಡುವುದಿಲ್ಲವಾ ಹಾಗೆ. ಟೊಂಗಾದಲ್ಲಿ ದೊಡ್ಡ ಮನೆ, ಒಬ್ಬರೇ ಇದ್ದಾರೆ, ಮದುವೆಯಾಗಲಿಲ್ಲ, ಮೂವತ್ತು ವರ್ಷ ಬೇರೆಯವರ ಮಕ್ಕಳಿಗೆ ಪಾಠ ಹೇಳಿ ಈಗ ನಿವೃತ್ತಿ, ಒಂದು ಮಗು ಸಾಕೋಕೆ ಕೊಡಿ ಅಂತ ಕೇಳುವುದು ಅಲ್ಲಿ ತಪ್ಪಲ್ಲ, ಕೊಡುವುದು ತಪ್ಪಲ್ಲ, ಕೊಡದೇ ಇರುವುದೇ ತಪ್ಪು, ಲೊಸೆಯ ಸ್ವಂತ ದೊಡ್ಡಮ್ಮನ ಮೂರು ಮಕ್ಕಳು ಮೂರು ದ್ವೀಪದಲ್ಲಿ ಬೆಳೆದವು, ಚಿಕ್ಕವನ್ನೇ ಕೇಳುತ್ತಾರೆ, ಯಾವಾಗಲೂ ಚಿಕ್ಕವನ್ನೇ, ಬೇಗ ಮರೆಯುತ್ತವೆ ಅಂತ.

ಅದಕ್ಕೇ ಅವಳು ಸುಳ್ಳು ಹೇಳೋಕೆ ಶುರು ಮಾಡಿದ್ದು, ದೇವರೇ ಕ್ಷಮಿಸು, ಆದರೆ ಮೊದಲನೇ ಸುಳ್ಳು ಎಷ್ಟು ಸಣ್ಣದಿತ್ತು, ಸೀನಿ ಹಾಸಿಗೆ ಒದ್ದೆ ಮಾಡ್ತಾಳೆ ಅಕ್ಕ ಅಂದಳು ಅಷ್ಟೇ, ಮಕ್ಕಳಲ್ವೇನೇ ಅಂದುಬಿಟ್ಟರು, ಹಾಗಲ್ಲ ಅಕ್ಕ, ಹೋದ ತಿಂಗಳು ಹಾಸಿಗೆ ತೇಲಿಕೊಂಡು ಅಡುಗೆಮನೆ ತನಕ ಬಂದಿತ್ತು, ಅವಳಿಗಳು ಅದರ ಮೇಲೆ ಕೂತು ಹುಟ್ಟು ಹಾಕ್ತಿದ್ರು ಅಂದಳು, ಮೆಲೆನೈಟೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಗುವವರನ್ನು ಹೇಗೆ ಹೆದರಿಸುವುದು, ಮಾರನೇ ದಿನ ಗುಡ್ಡದ ಮೇಲೆ, ಇವಳು ಕಚ್ತಾಳೆ ಅಕ್ಕ, ಪಕ್ಕದ ಮನೆ ನಾಯೀನ ಕಚ್ಚಿದ್ಲು, ಸೂಜಿ ಹಾಕಿಸಿದ್ದು ನಾಯಿಗೆ, ಅಂದಳು, ಪಾರ್ಕಿನಲ್ಲಿ, ನಿದ್ದೇಲಿ ನಡೀತಾಳೆ, ಒಂದ್ ಸಲ ವಿಮಾನ ನಿಲ್ದಾಣದ ತನಕ ನಡ್ಕೊಂಡು ಹೋಗಿ ಸಾಮಾನು ಸಾಗೋ ಬೆಲ್ಟಿನ ಮೇಲೆ ಮಲಗಿದ್ಲು, ಅವರಪ್ಪನೇ ಸೂಟ್‌ಕೇಸು ಅಂತ ಎತ್ತಿ ಇಟ್ಟಿದ್ರು ಅಂದಳು, ಮತ್ತೆ ಪ್ರತಿ ಸುಳ್ಳಿನ ಬಾಲಕ್ಕೂ ಒಂದು ನಿಜ ಕಟ್ಟಿದಳು, ಸುಳ್ಳು ನಿಲ್ಲಬೇಕಾದರೆ ಪಕ್ಕದಲ್ಲಿ ನಿಜ ಬೇಕಲ್ಲ, ಟೊಕಿಲುಪೆ ಹೀಗಿರ್ಲಿಲ್ಲ ಅಕ್ಕ, ಅವಳದ್ದು ಒಂದು ದಿನ ತಂಟೆ ಇಲ್ಲ, ಹನ್ನೆರಡು ವರ್ಷಕ್ಕೆ ಮನೆಯವರಿಗೆಲ್ಲ ಅಡುಗೆ ಮಾಡ್ತಾಳೆ, ಅವಳಿಗಳ ತಲೆ ತೊಳೀತಾಳೆ, ಚರ್ಚಿನಲ್ಲಿ ಹಾಡ್ತಾಳೆ, ಸೀನೀನ ಹೊತ್ತು ಹೊತ್ತು ಸೊಂಟವೇ ಒಂದು ಕಡೆ ವಾಲಿದೆ ನೋಡಿ, ಆಗ ಮೆಲೆನೈಟೆ ಟೊಕಿಲುಪೆ ಕಡೆ ನೋಡುತ್ತಿದ್ದರು, ಹೂಂ ಅನ್ನುತ್ತಿದ್ದರು ಅಷ್ಟೇ, ಸದ್ಯ ಅಂದುಕೊಳ್ಳುತ್ತಿದ್ದಳು ಲೊಸೆ, ಸೊನ್ನೆ ಸೊನ್ನೆಯಾಗಿಯೇ ಉಳಿಯಿತು.

ಬಸ್ಸು ನಿಂತಿತು, ಕಡಲು, ಎಷ್ಟು ಜನ, ಬಿಸಿಲು ಹೇಗಿದೆಯೆಂದರೆ ಕಡಲಹಕ್ಕಿಗಳು ಹಾರುತ್ತ ಹಾರುತ್ತಲೇ ಬೇಯುತ್ತಿವೆ, ಅವಳಿಗಳು ಅಂಗಿ ಒಂದು ಕಡೆ ಚಡ್ಡಿ ಒಂದು ಕಡೆ ಎಸೆದು ನೀರಿಗೆ ಬಿದ್ದಾಯಿತು, ಲೊಸೆ ಪೊಹುತುಕಾವಾ ಮರದ ನೆರಳಲ್ಲಿ ಚಾಪೆ ಹಾಸಿದಳು, ಸೀನಿಯ ಲಂಗದ ಚುಂಗನ್ನು ತನ್ನ ಲಂಗಕ್ಕೆ ಗಂಟು ಹಾಕಿಕೊಂಡಳು, ಇದೇನಮ್ಮ ಅಂದಳು ಸೀನಿ, ಗಾಳಿಗೆ ಹಾರಿಹೋಗ್ತೀಯ ಅಂದಳು, ಮರದ ಎಲೆ ಒಂದೂ ಅಲ್ಲಾಡುತ್ತಿರಲಿಲ್ಲ, ಆದರೆ ನಾಲ್ಕು ವರ್ಷದ್ದು ಎಷ್ಟು ಹೊತ್ತು ಗಂಟಿನಲ್ಲಿರುತ್ತದೆ, ನೀರಿಗೆ ಹೋಗಬೇಕು ಅಂತ ರಾಗ, ಸರಿ, ಟೊಕಿಲುಪೇ, ಸೀನೀನ ಕರ್ಕೊಂಡು ಹೋಗು, ಟೊಕಿಲುಪೇ, ಕೈ ಬಿಡಬೇಡ, ಟೊಕಿಲುಪೇ, ಸಾಕು ಕರ್ಕೊಂಡು ಬಾ, ಮರಳು ಸುಡುತ್ತೆ, ಎತ್ಕೋ, ಎತ್ಕೊಂಡು ಬಾ ಅವಳನ್ನ, ಎತ್ತಿಕೊಂಡಳು, ಅರ್ಧ ದಾರಿಯಲ್ಲಿ ಅವಳ ರಬ್ಬರ್ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಕೆಂಡದಂಥ ಮರಳಿನ ಮೇಲೆ ಒಂದೇ ಕಾಲಿನಲ್ಲಿ ಕೊಕ್ಕರೆ ಥರ ನಿಂತಳು, ಹೆಗಲ ಮೇಲೆ ತಂಗಿ, ಬೀಳಿಸೀಯ ಅವಳನ್ನ ಅಂತ ಲೊಸೆ ಇಲ್ಲಿಂದಲೇ ಕೂಗಿದಳು, ಮೆಲೆನೈಟೆ ಎದ್ದು ಹೋದರು, ಬಗ್ಗಿ ತಮ್ಮ ಕಾಲಿನ ಚಪ್ಪಲಿ ಬಿಚ್ಚಿ ಹುಡುಗಿಯ ಮುಂದೆ ಇಟ್ಟರು, ಸೀನಿಯನ್ನು ಇಸಿದುಕೊಂಡು — ಇಸಿದುಕೊಂಡರಲ್ಲ, ನೋಡು, ನೋಡು, ತೋಳಿನಲ್ಲಿ ಹೇಗೆ ಕೂರಿಸಿಕೊಂಡಿದ್ದಾರೆ — ಬರಿಗಾಲಿನಲ್ಲಿ ಬಂದು ಅವಳನ್ನು ಲೊಸೆಯ ಮಡಿಲಿಗೆ ಹಾಕಿದರು, ಟೊಕಿಲುಪೆ ಬಾಟಲಿ ತುಂಬಿಸೋಕೆ ನಲ್ಲಿಯ ಕಡೆ ಹೋದಳು, ಮೆಲೆನೈಟೆ ಅಂಗಾಲು ಉಜ್ಜಿಕೊಳ್ಳುತ್ತ ಚಾಪೆಯ ಮೇಲೆ ಕೂತರು, ಲೊಸೆ, ಒಂದ್ ಮಾತು ಕೇಳ್ಬೇಕು ನಿನ್ನ, ಅಂದರು, ಬಂತು, ಬಂದೇ ಬಂತು, ಹದಿನಾರು ದಿನದಿಂದ ಬರುತ್ತಿದ್ದದ್ದು ಬಂತು, ಲೊಸೆ ಮಗುವನ್ನು ಎರಡೂ ಕೈಯಲ್ಲಿ ಅಮುಕಿಕೊಂಡಳು, ಅಕ್ಕ, ಸೀನಿ ಇನ್ನೂ ತುಂಬ ಚಿಕ್ಕವಳು, ನಾನಿಲ್ಲದೆ ಮಲಗೋದೇ ಇಲ್ಲ, ನಿಮ್ಮ ಕಾಲು ಹಿಡ್ಕೋತೀನಿ ಅಂತ ಒಂದೇ ಉಸಿರಿಗೆ ಅಂದುಬಿಟ್ಟಳು, ಸೀನೀನಾ, ಅಂದರು ಮೆಲೆನೈಟೆ, ಅಯ್ಯೋ ಯಾರಿಗೆ ಬೇಕೇ ನಿನ್ನ ನಾಯಿ ಕಚ್ಚೋ ಸೀನಿ, ನಮ್ಮೂರ ನಾಯಿಗಳೇನು ಪಾಪ ಮಾಡಿವೆ, ನಾನು ಕೇಳ್ತಿರೋದು ಟೊಕಿಲುಪೇನ.

ಯಾರನ್ನ, ಅಂದಳು ಲೊಸೆ, ಟೊಕಿಲುಪೇನಾ, ಒಂದೇ ಒಂದು ದಿನ ಅವಳನ್ನ ಚೆನ್ನಾಗಿದಾಳೆ ಅನ್ಲಿಲ್ವಲ್ಲಕ್ಕ ನೀವು, ಅನ್ಲಿಲ್ಲ, ಅಂದಿದ್ರೆ ನನ್ನ ತಮ್ಮ ಆವತ್ತೇ ಅವಳ ಬಟ್ಟೆ ಕಟ್ಟಿ ಬಾಗಿಲಲ್ಲಿ ಇಡ್ತಿದ್ದ, ಅದಕ್ಕೇ ಬಾಯಿ ಹೊಲ್ಕೊಂಡಿದ್ದೆ, ನೀನೇ ದಿನಾ ಹೊಗಳಿ ಹೊಗಳಿ ನನ್ನ ಹೊಟ್ಟೆ ಉರಿಸ್ತಿದ್ದೆ, ಅಂದರು, ನಗಲಿಲ್ಲ, ಕಡಲ ಕಡೆ ನೋಡುತ್ತ, ನನ್ನನ್ನ ನಾಲ್ಕನೇ ವರ್ಷಕ್ಕೆ ಚಿಕ್ಕಜ್ಜಿಗೆ ಕೊಟ್ರು ಕಣೇ, ಚಾಪೆ ಸುತ್ತಿ ಕೊಟ್ಟ ಹಾಗೆ, ಬರ್ತೀಯಾ ಅಂತ ಒಬ್ರೂ ಕೇಳ್ಲಿಲ್ಲ, ನಾನು ಯಾರಿಗೂ ಹಾಗೆ ಮಾಡಲ್ಲ, ಮೊದಲು ಅವಳನ್ನ ಕೇಳ್ದೆ, ಈಗ ನಿನ್ನ ಕೇಳ್ತಿದೀನಿ, ಸೆಮಿಸೀನ ಕೇಳಲ್ಲ, ಅವನು ಹೂಂ ಅನ್ನೋದು ನಂಗೆ ಬೇಡ, ನೀನು ಆಗಲ್ಲ ಅನ್ನು, ಸೋಮವಾರ ಸುಮ್ನೆ ವಿಮಾನ ಹತ್ತೀನಿ, ಮನಸ್ಸಲ್ಲಿ ಇಟ್ಕೊಳಲ್ಲ, ಆಣೆ. ಅವಳೇನಂದ್ಲು, ಅಂದಳು ಲೊಸೆ, ಬರ್ತೀನಿ ಅಂದ್ಲು. ಯಾಕಂತೆ. ಅಲ್ಲಿ ನಾನು ಯಾರನ್ನ ಎತ್ಕೋಬೇಕು ಅತ್ತೆ ಅಂತ ಕೇಳಿದ್ಲು, ಯಾರೂ ಇಲ್ಲ ಮಗಳೇ, ನಾನೊಬ್ಳೇ, ನಾನಿನ್ನೂ ನಡೀತೀನಿ ಅಂದೆ, ಹಾಗಾದ್ರೆ ಬರ್ತೀನಿ ಅಂದ್ಲು.

ಆಗಲ್ಲ ಅನ್ನಬೇಕು, ಮೂರಕ್ಷರ, ಹೇಳಬಹುದು ಅಂತ ಅವರೇ ಹೇಳಿದ್ದಾರೆ, ಯಾವ ಟೊಂಗಾ ಹೆಂಗಸಿಗೂ ಸಿಕ್ಕದ ಅಪ್ಪಣೆ ಸಿಕ್ಕಿದೆ, ಹೇಳು ಲೊಸೆ, ಮಡಿಲಲ್ಲಿ ಸೀನಿ ಭಾರವಾಗಿದ್ದಾಳೆ, ನಿದ್ದೆ ಹೋಗಿದ್ದಾಳೆ, ಇಷ್ಟು ಭಾರವಾ ಇವಳು, ಅಲ್ಲಿ ನಲ್ಲಿಯ ಹತ್ತಿರ ಟೊಕಿಲುಪೆ ನಾಲ್ಕೂ ಬಾಟಲಿ ತುಂಬಿಸಿ ಎದೆಗೆ ಒತ್ತಿಕೊಂಡು ಈ ಕಡೆ ತಿರುಗಿದಳು, ಅತ್ತೆಯ ಕಂದು ಚಪ್ಪಲಿ, ಹಿತ್ತಾಳೆ ಬಕ್ಕಲಿನ ಚಪ್ಪಲಿ, ಅಷ್ಟು ದೊಡ್ಡ ಹೆಂಗಸಿನ ಚಪ್ಪಲಿ, ಸರಬರ ಸರಬರ ಎಳೆದುಕೊಂಡು ಬರಬೇಕಿತ್ತಲ್ಲ, ಎಳೆಯುತ್ತಿಲ್ಲ, ಅವಳಿಗಳು ನೀರಲ್ಲಿ ಕಿರುಚುತ್ತಿದ್ದಾವೆ, ಯಾರು ನೋಡಿಕೊಳ್ಳುತ್ತಿದ್ದಾರೆ ಅವರನ್ನು, ಟೊಕಿಲುಪೇ ಅಂತ ಕೂಗೋಕೆ ಬಾಯಿ ತೆರೆದಳು, ಮುಚ್ಚಿದಳು, ಚಪ್ಪಲಿ, ಹಿಮ್ಮಡಿ ಚಪ್ಪಲಿಯ ಅಂಚಿನ ತನಕ ತುಂಬಿದೆ, ಸೋಮವಾರಕ್ಕೆ ಇನ್ನು ಮೂರು ದಿನ, ಸ್ಕೂಲಿಗೆ ಹೇಳಬೇಕು, ಇಲ್ಲ ಏನೂ ಹೇಳಬೇಕಾಗಿಲ್ಲ, ಆಗಲ್ಲ ಅಂದರೆ ಮುಗಿಯಿತು, ಈ ಹುಡುಗಿಯ ಕಾಲಿನ ಸೈಜು ಎಷ್ಟು, ಅವಳಿಗಳದ್ದು ಗೊತ್ತು, ಸೀನಿಯದ್ದು ಗೊತ್ತು, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ, ಇವಳದ್ದು, ಇವಳ ಚಪ್ಪಲಿ ಇವಳೇ ಆರಿಸಿಕೊಳ್ಳುತ್ತಿದ್ದಳಾ, ಯಾವಾಗಿನಿಂದ, ಏನೇ ಲೊಸೆ, ಅಂದರು ಮೆಲೆನೈಟೆ, ನಿಧಾನಕ್ಕೆ, ಹೇಳ್ತೀನಿ ಅಕ್ಕ, ಒಂದ್ ನಿಮಿಷ, ಸುಡುವ ಮರಳಿನ ಮೇಲೆ ಅವಸರವಿಲ್ಲದೆ ಬರುತ್ತಿದ್ದಾಳೆ, ಆ ಹಿಮ್ಮಡಿ, ಕಂದು ಚರ್ಮದ ಅಂಚು, ನಡುವೆ ಒಂದು ಬೆರಳು ತೂರಿಸುವಷ್ಟೂ ಜಾಗವಿಲ್ಲ, ಹೇಳು, ಆ ಹಿಮ್ಮಡಿ, ಹೇಳು, ಒಂದು ಬೆರಳಿನಷ್ಟೂ —