ಕೋಚ್ ಚೀಟಿ ಬರೆಸದ ಶುಕ್ರವಾರ

ಸೋಲಲಿ ಎಂದು ತಾನು ಒಂದು ದಿನವಾದರೂ ಪಣ ಕಟ್ಟಿದ್ದುಂಟೇ? ಇಲ್ಲ. ಕಟ್ಟಿದ್ದೆಲ್ಲ ತನ್ನ ತಂಡ ಗೆಲ್ಲಲಿ ಎಂದೇ. ನಂಬಿಕೆಯಿಂದ ಎರಡು ಸಾವಿರ ದಿನಾರ್ ಇಟ್ಟರೆ ಅದು ಹೇಗೆ ತಪ್ಪಾದೀತು? ಹಾಗಾದರೆ ನಿನ್ನೆ ಬಾಜಿ ಅಂಗಡಿಯನ್ನು ತಲೆ ತಗ್ಗಿಸಿ ದಾಟಿದ್ದೇಕೆ?

ಸರ್ಬಿಯಾದ ಮೊರಾವಾ ನದಿಯ ದಂಡೆಯ ಒಂದು ಸಣ್ಣ ಊರಿನ ಫುಟ್‌ಬಾಲ್ ತಂಡಕ್ಕೆ ತಿಹೊಮಿರ್ ಕೋಚ್. ಪ್ರತಿ ಶುಕ್ರವಾರ ಬಾಜಿ ಅಂಗಡಿಯಲ್ಲಿ ತನ್ನ ತಂಡದ ಗೆಲುವಿಗೆ ಪಣದ ಚೀಟಿ ಬರೆಸುವುದು ಅವನ ರೂಢಿ, ಊರಿಗೆಲ್ಲ ಗೊತ್ತು. ಈ ಶುಕ್ರವಾರ ಬರೆಸಿರಲಿಲ್ಲ. ಗೋಲು ಹೊಡೆಯುವ ಒಗ್ನೆನ್‌ನ ಕಾಲ್ಗಿಣ್ಣು ಊದಿತ್ತು. ಅದು ತಂಡದೊಳಗಿನವರಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಕಾಫಿ ಅಂಗಡಿಯಲ್ಲಿ ತಂಡದ ಫಿಸಿಯೋ ದೆಸಾಂಕಾ ಅವನೆದುರು ಕುರ್ಚಿ ಎಳೆದುಕೊಂಡು ಕೂತಳು. ಮುಖ ಕೆಂಡವಾಗಿತ್ತು.

"ಏನಯ್ಯ, ಊರಿಗೆಲ್ಲ ಡಂಗುರ ಸಾರಿಬಿಟ್ಯಲ್ಲ!"

"ನಾನಾ? ತುಟಿ ಪಿಟಕ್ ಅಂದಿಲ್ಲ ಕಣೆ."

"ಅದೇ ಡಂಗುರ! ಕೋಚ್ ಚೀಟಿ ಬರೆಸಿಲ್ಲ, ನಾಳೆ ಸೋಲು ಗ್ಯಾರಂಟಿ ಅಂತ ಎಲ್ಲ ಎದುರಾಳಿ ಮೇಲೆ ದುಡ್ಡು ಹಾಕಿದಾರೆ. ಬುರೆಕ್ ತಗೊಳ್ಳೋಕೆ ಹೋದ್ರೆ ಬೇಕರಿಯವನು ನಂಗೇ ಹೇಳ್ತಾನೆ, ‘ಅಕ್ಕ, ನೀನೂ ಒಂದು ಬರೆಸು’ ಅಂತ!"

"ಬರೆಸಿದ್ರೂ ತಪ್ಪು, ಬರೆಸ್ದಿದ್ರೂ ತಪ್ಪಾ? ಗೆಲ್ಲಲಿ ಅಂತ ತಾನೇ ನಾನು ಕಟ್ಟೋದು?"

"ಬರೆಸೋದೂ ಒಂದು ಸುದ್ದಿ, ಬರೆಸದೆ ಇರೋದೂ ಒಂದು ಸುದ್ದಿ. ಒಳಗಿನ ವಿಷಯ ಗೊತ್ತಿರೋನು ನೀನು. ಯಾರು ಆಡ್ಬೇಕು, ಯಾರು ಕೂರ್ಬೇಕು ಅನ್ನೋನೂ ನೀನೇ. ಮೂರು ವಾರದ ಹಿಂದೆ ಒಗ್ನೆನ್‌ಗೆ ರೆಸ್ಟ್ ಕೊಡು ಅಂತ ಬಡ್ಕೊಂಡೆ. ನೀನು ನೋವಿಗೆ ಇಂಜೆಕ್ಷನ್ ಹಾಕಿಸಿ ಆಟಕ್ಕೆ ಇಳಿಸ್ದೆ. ಆ ಗಿಣ್ಣು ಇನ್ನೂ ಸರಿಹೋಗಿಲ್ಲ. ಇಳಿಸಿದ್ದು ತಂಡಕ್ಕೋ, ನಿನ್ನ ಚೀಟಿಗೋ?"

ಆ ಪ್ರಶ್ನೆಯನ್ನು ತಿಹೊಮಿರ್ ಯಾವತ್ತೂ ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

ಭಾನುವಾರ ಒಗ್ನೆನ್ ಬೆಂಚಿನಲ್ಲೇ ಉಳಿದ. ಎದುರಾಳಿಗಳು ಮೊದಲ ಗೋಲು ಹೊಡೆದಾಗ ಚಪ್ಪಾಳೆ ಬಿತ್ತು. ತಟ್ಟಿದವರು ಈ ಊರಿನವರೇ. ಕೊರಳಲ್ಲಿ ತಂಡದ ಕೆಂಪು ಶಾಲು, ಜೇಬಿನಲ್ಲಿ ಎದುರಾಳಿಯ ಚೀಟಿ! ಮೈದಾನದಲ್ಲಿದ್ದ ಊರಿನ ತಂಡದ ಹನ್ನೊಂದು ಮಂದಿಯೂ ತಮ್ಮ ಜನರ ಕಡೆ ತಿರುಗಿ ನೋಡಿದರು.

"ಬಾಸ್," ಒಗ್ನೆನ್ ಮೆಲ್ಲಗೆ ಕೇಳಿದ, "ನಂಗೆ ಇಂಜೆಕ್ಷನ್ ಹಾಕ್ಸಿದ್ರಲ್ಲ, ಆವತ್ತೂ ನಿಮ್ಮ ಚೀಟಿ ಇತ್ತಾ?"

ತಿಹೊಮಿರ್ ಮೈದಾನವನ್ನೇ ನೋಡುತ್ತ ನಿಂತ.

ಆ ರಾತ್ರಿ ಅವನು ಪಣ ಕಟ್ಟಿದ್ದನ್ನೆಲ್ಲ ಒಪ್ಪಿಕೊಂಡು ಲೀಗ್ ಕಚೇರಿಗೆ ಪತ್ರ ಬರೆಯಲು ಕೂತಾಗ ಹೆಂಡತಿ ಸಿಡುಕಿದಳು: "ಎಲ್ಲರೂ ಮಾಡೋದೇ ಅಲ್ವಾ? ನೀನೊಬ್ಬ ಯಾಕೆ ಕೆಲಸ ಕಳ್ಕೋಬೇಕು?"

"ನಮ್ಮ ಗೋಲ್‌ನಲ್ಲಿ ಚೆಂಡು ಬಿದ್ದಾಗ ನಮ್ಮೋರೇ ಕುಣಿದ್ರು ಕಣೆ. ಅದನ್ನ ಕಲಿಸಿದ್ದು ನಾನು."

ಅವಳು ಒಳಗೆ ಹೋಗಿ ತಾನೇ ಲಕೋಟೆ ತಂದುಕೊಟ್ಟಳು. ಅವನಿಗೆ ಎರಡು ವರ್ಷ ನಿಷೇಧ ಬಿತ್ತು.

ಓದುವವರೇ, ಯಾವ ಊರೇ ಇರಲಿ, ಯಾವ ಆಟವೇ ಇರಲಿ, ತಂಡ ನಡೆಸುವವರು ತಮ್ಮದೇ ಪಂದ್ಯದ ಮೇಲೆ ಪಣ ಕಟ್ಟಿದರೆ "ಗೆಲುವಿಗೆ ತಾನೇ" ಎಂದು ನಕ್ಕು ಬಿಡಬೇಡಿ. ಮುಖಕ್ಕೆ ಹೇಳಿ. ದೂರು ಕೊಡಿ. ಅವರು ಪಣಕ್ಕಿಡುವುದು ತಮ್ಮ ದುಡ್ಡನ್ನಷ್ಟೇ ಅಲ್ಲ, ಆಡುವವರ ಮೈಯನ್ನು, ನೋಡುವವರ ನಂಬಿಕೆಯನ್ನು.

ತಿಹೊಮಿರ್ ಲೀಗ್‌ನವರಿಗೆ ಎಲ್ಲವನ್ನೂ ಬರೆದುಕೊಟ್ಟ. ಆವತ್ತೂ ಚೀಟಿ ಇತ್ತು ಎಂದು ಒಗ್ನೆನ್‌ಗೆ ಮಾತ್ರ ಅವನು ಯಾವತ್ತೂ ಹೇಳಲಿಲ್ಲ.